ಒಂದೇ ರಿಮೋಟ್, ನೂರೆಂಟು ತಕರಾರು

ಈ ಸಲ ಬಂದ ಪತ್ರಗಳಲ್ಲಿ ರಿಮೋಟ್ ಪುರಾಣವೇ ಜಾಸ್ತಿ. ಉತ್ತರ ಶುರು ಮಾಡುವ ಮುಂಚೆ ಎಲ್ಲರಿಗೂ ಸೇರಿಸಿ ಒಂದು ಮಾತು ಹೇಳಿಬಿಡುತ್ತೇನೆ, ಪ್ರತಿ ಉತ್ತರದಲ್ಲೂ ಅದನ್ನೇ ಬರೆಯುತ್ತಾ ಕೂರುವುದು ಬೇಡ. ರಿಮೋಟ್ ಕೆಟ್ಟಿದೆ ಅನ್ನುವ ಮೊದಲು ಮೊಬೈಲಿನ ಕ್ಯಾಮೆರಾ ಆನ್ ಮಾಡಿ, ರಿಮೋಟಿನ ಮೂತಿಯನ್ನು ಅದರ ಎದುರು ಹಿಡಿದು ಯಾವುದಾದರೂ ಬಟನ್ ಒತ್ತಿ. ಪರದೆಯ ಮೇಲೆ ನೇರಳೆ ಅಥವಾ ಬಿಳಿ ಚುಕ್ಕೆ ಮಿನುಗಿದರೆ ರಿಮೋಟ್ ಬೆಳಕು ಬಿಡುತ್ತಿದೆ ಅಂತ ಅರ್ಥ. ಅದು ಸುಮಾರು 940 ನ್ಯಾನೋಮೀಟರಿನ ಇನ್‌ಫ್ರಾರೆಡ್ ಬೆಳಕು, ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಕೆಲವು ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಇದನ್ನು ತಡೆಯುವ ಫಿಲ್ಟರ್ ಇರುತ್ತದೆ, ಆಗ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಚುಕ್ಕೆ ಕಂಡರೆ ತಕರಾರು ಕೋಡಿನಲ್ಲೋ, ಅಂದರೆ ರಿಮೋಟ್ ಕಳಿಸುವ ಸಂಕೇತದಲ್ಲೋ, ಟಿವಿಯಲ್ಲೋ ಇದೆ. ಇನ್‌ಫ್ರಾರೆಡ್ ರಿಮೋಟಿನಲ್ಲಿ ಅದು ಕಾಣದಿದ್ದರೆ ಸೆಲ್ಲಿನಲ್ಲೋ ರಿಮೋಟಿನ ಒಳಗೋ ಇದೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಪ್ರಶ್ನೆ: ಮನೆಯಲ್ಲಿ ಟಿವಿಗೆ ಒಂದು, ಸೆಟ್‌ಟಾಪ್ ಬಾಕ್ಸಿಗೆ ಒಂದು, ಸೌಂಡ್‌ಬಾರಿಗೆ ಒಂದು ರಿಮೋಟ್ ಇದೆ. ಅವ್ವನಿಗೆ ಯಾವುದು ಯಾವುದರದ್ದು ಅಂತ ತಿಳಿಯುವುದಿಲ್ಲ, ನಾನು ಡ್ಯೂಟಿಯಲ್ಲಿದ್ದಾಗ ಫೋನ್ ಮಾಡುತ್ತಾಳೆ. ಅದಕ್ಕೆ ದುರ್ಗದಬೈಲಿನಿಂದ ಎಲ್ಲಕ್ಕೂ ಒಂದೇ ಆಗುವ ಯೂನಿವರ್ಸಲ್ ರಿಮೋಟ್ ತಂದೆ. ಅದರ ಜೊತೆ ಬಂದ ಚೀಟಿ ನೋಡಿ ಕೋಡ್ ಹಾಕಿದರೆ ಟಿವಿ ಆನ್ ಆಗುತ್ತದೆ, ಆಫ್ ಆಗುತ್ತದೆ, ಆದರೆ ಮೆನು ಬಟನ್ ಒತ್ತಿದರೆ ಏನೂ ಬರುವುದಿಲ್ಲ. ರಿಮೋಟ್ ವಾಪಸ್ ಕೊಡಲೇ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ವಾಪಸ್ ಕೊಡಬೇಡಿ, ರಿಮೋಟ್ ಸರಿಯಾಗಿಯೇ ಇದೆ. ನೀವು ಹಾಕಿದ ಕೋಡ್ ಅರ್ಧ ಮಾತ್ರ ಹೊಂದಿದೆ. ಒಂದೇ ಕಂಪನಿ ಬೇರೆ ಬೇರೆ ವರ್ಷ ಬೇರೆ ಬೇರೆ ಕೋಡ್ ಬಳಸಿರುತ್ತದೆ, ಅದರಲ್ಲಿ ಪವರ್ ಒಂದೇ ಇದ್ದು ಉಳಿದ ಬಟನ್ ಬೇರೆ ಇರುವುದು ಮಾಮೂಲು. ಅದಕ್ಕೇ ಚೀಟಿಯಲ್ಲಿ ನಿಮ್ಮ ಕಂಪನಿಯ ಹೆಸರಿನ ಮುಂದೆ ಒಂದರ ಬದಲು ಇಷ್ಟುದ್ದ ನಂಬರ್ ಸಾಲು ಇರುವುದು. ಮೊದಲನೇ ನಂಬರಿಗೆ ಟಿವಿ ಆಫ್ ಆಯಿತು ಅಂತ ಖುಷಿಯಾಗಿ ಎಲ್ಲರೂ ಅಲ್ಲೇ ನಿಲ್ಲಿಸುತ್ತಾರೆ. ಸಾಲಿನಲ್ಲಿರುವ ಮುಂದಿನ ನಂಬರ್ ಹಾಕಿ ನೋಡಿ, ಅದೂ ಆಗದಿದ್ದರೆ ಅದರ ಮುಂದಿನದು.

ಹಾಕುವ ರೀತಿ ಬಹಳ ರಿಮೋಟುಗಳಲ್ಲಿ ಹೆಚ್ಚು ಕಡಿಮೆ ಒಂದೇ. ಮೊದಲು ಯಾವ ಸಾಮಾನಿಗೆ ಅಂತ ಆರಿಸಬೇಕು, ಅಂದರೆ ಟಿವಿ ಅಥವಾ ಎಸ್‌ಟಿಬಿ (ಸೆಟ್‌ಟಾಪ್ ಬಾಕ್ಸ್) ಬಟನ್ ಒತ್ತಬೇಕು. ಇದನ್ನು ಮರೆತು ಟಿವಿ ಕೋಡನ್ನು ಸೆಟ್‌ಟಾಪ್ ಬಾಕ್ಸಿನ ಜಾಗಕ್ಕೆ ತುಂಬಿ ತಲೆ ಕೆರೆದುಕೊಳ್ಳುವವರು ಬಹಳ. ಆಮೇಲೆ ಸೆಟ್ ಬಟನ್ ಒತ್ತಿ ಹಿಡಿಯಿರಿ, ಕೆಂಪು ಲೈಟ್ ಹತ್ತಿ ನಿಲ್ಲುತ್ತದೆ. ಆಗ ನಂಬರ್ ಹಾಕಿ. ಸರಿಯಾಗಿ ತಗೊಂಡರೆ ಲೈಟ್ ಆರುತ್ತದೆ, ತಗೊಳ್ಳದಿದ್ದರೆ ಕೆಲವು ಸಲ ಮಿನುಗಿ ಹಾಗೇ ನಿಲ್ಲುತ್ತದೆ. ನಂಬರ್ ನಡುವೆ ಜಾಸ್ತಿ ಹೊತ್ತು ಯೋಚಿಸುತ್ತಾ ನಿಂತರೂ ಅದು ಕೈಬಿಟ್ಟು ಹೋಗುತ್ತದೆ, ಆದ್ದರಿಂದ ನಂಬರನ್ನು ಮೊದಲೇ ದೊಡ್ಡದಾಗಿ ಬರೆದುಕೊಂಡು ಕೂರಿ.

ಚೀಟಿಯ ಯಾವ ನಂಬರೂ ಆಗದಿದ್ದರೆ ಆಟೋ ಸರ್ಚ್ ಇದೆ. ರಿಮೋಟನ್ನು ಟಿವಿಗೆ ಹಿಡಿದು ಬಟನ್ ಒತ್ತಿಕೊಂಡು ನಿಂತರೆ ಅದೇ ಒಂದೊಂದು ಕೋಡ್ ಕಳಿಸುತ್ತಾ ಹೋಗುತ್ತದೆ, ಟಿವಿ ಆಫ್ ಆದ ತಕ್ಷಣ ಬಟನ್ ಬಿಡಬೇಕು. ಈ ತಕ್ಷಣ ಅನ್ನುವುದರಲ್ಲೇ ಎಲ್ಲ ಇದೆ. ಅರೆಕ್ಷಣ ತಡವಾದರೆ ಅದು ಮುಂದಿನ ಕೋಡಿಗೆ ಹೋಗಿಬಿಟ್ಟಿರುತ್ತದೆ, ನೀವು ಸಿಕ್ಕಿತು ಅಂದುಕೊಂಡು ಸೇವ್ ಮಾಡುತ್ತೀರಿ, ಮರುದಿನ ನೋಡಿದರೆ ಏನೂ ಇಲ್ಲ. ಟಿವಿಯನ್ನು ನೋಡುತ್ತಾ ಒತ್ತಿ, ರಿಮೋಟನ್ನು ನೋಡುತ್ತಾ ಅಲ್ಲ. ಸಿಕ್ಕ ಮೇಲೆ ಮ್ಯೂಟ್, ವಾಲ್ಯೂಮ್, ಸೋರ್ಸ್, ಮೆನು ನಾಲ್ಕನ್ನೂ ಒತ್ತಿ ನೋಡಿಯೇ ಮುಗಿಸಿ. ಇನ್ನೊಂದು ವಿಷಯ: ಅಂಗಡಿಯಲ್ಲಿ ಕಡಿಮೆ ರೇಟಿಗೆ ಸಿಗುವ ಎಷ್ಟೋ ಟಿವಿಗಳಲ್ಲಿ ಹೊರಗಿನ ಹೆಸರು ಒಂದು, ಒಳಗಿನ ಬೋರ್ಡ್ ಬೇರೆಯವರದು. ಅಂಥದ್ದಕ್ಕೆ ಚೀಟಿಯಲ್ಲಿ ಹೆಸರು ಹುಡುಕಿ ಪ್ರಯೋಜನವಿಲ್ಲ, ನೇರ ಆಟೋ ಸರ್ಚಿಗೇ ಹೋಗಿ.

ಕೋಡ್ ಕೂತ ಮೇಲೆ ಅದನ್ನು ಸಣ್ಣ ಚೀಟಿಯಲ್ಲಿ ಬರೆದು ಸೆಲ್ ಮುಚ್ಚಳದ ಒಳಗೆ ಅಂಟಿಸಿ. ಇನ್ನು ನಿಮ್ಮ ಅವ್ವನ ವಿಷಯ. ಚೀಟಿಯಲ್ಲಿ ವಾಲ್ಯೂಮ್ ಲಾಕ್ ಇದೆಯೇ ನೋಡಿ. ಅದು ಹಾಕಿದರೆ ಯಾವ ಮೋಡಿನಲ್ಲಿದ್ದರೂ ವಾಲ್ಯೂಮ್ ಬಟನ್ ಸೌಂಡ್‌ಬಾರಿಗೇ ಹೋಗುತ್ತದೆ. ಚಾನೆಲ್ ಲಾಕ್ ಕೂಡ ಇದ್ದರೆ ಚಾನೆಲ್ ಬಟನ್ ಸೆಟ್‌ಟಾಪ್ ಬಾಕ್ಸಿಗೇ ಹೋಗುತ್ತದೆ. ಪವರ್, ವಾಲ್ಯೂಮ್, ಚಾನೆಲ್ ಬಟನ್ ಪಕ್ಕ ಕೆಂಪು ನೇಲ್ ಪಾಲಿಶಿನ ಒಂದೊಂದು ಚುಕ್ಕೆ ಇಡಿ. ಉಳಿದ ಬಟನ್ ಮುಟ್ಟಬೇಡ ಅಂತ ಹೇಳಿದರೆ ಸಾಕು, ಫೋನ್ ಬರುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮ ಕೇಬಲ್ ಬಾಕ್ಸಿನ ರಿಮೋಟಿನಲ್ಲಿ ಮೇಲುಗಡೆ ಟಿವಿ ಅಂತ ಬರೆದ ನಾಲ್ಕು ಬಟನ್ ಇವೆ. ಅದಕ್ಕೆ ಟಿವಿ ರಿಮೋಟಿನ ಬಟನ್ ಕಲಿಸಿದೆ. ಪವರ್ ಒಮ್ಮೆ ಒತ್ತಿದರೆ ಕೆಲಸ ಮಾಡುತ್ತದೆ, ಎರಡನೇ ಸಲ ಒತ್ತಿದರೆ ಮಾಡುವುದಿಲ್ಲ. ವಾಲ್ಯೂಮ್ ಒತ್ತಿ ಮತ್ತೆ ಪವರ್ ಒತ್ತಿದರೆ ಮಾಡುತ್ತದೆ! ಟಿವಿ ಹಳೇದು. ಇದೆಂಥಾ ಮಾಯೆ?
— ಬೆಟಗೇರಿ, ಗದಗ

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ನಿಮ್ಮದೇ, ಯಾಕೆಂದರೆ ಲಕ್ಷಣವನ್ನು ಇಷ್ಟು ಸರಿಯಾಗಿ ಬರೆದಿದ್ದೀರಿ ಅಂದರೆ ಟಿವಿ ನೋಡದೆಯೇ ಕಾರಣ ಹೇಳಬಹುದು. ನಿಮ್ಮ ಟಿವಿ ಬಹುಶಃ ಆರ್‌ಸಿ-5 ಅನ್ನುವ ಪದ್ಧತಿಯದ್ದು. ಫಿಲಿಪ್ಸ್ ಕಂಪನಿ ಮಾಡಿದ ಪದ್ಧತಿ ಅದು, ಬೇರೆ ಕಂಪನಿಗಳೂ ಬಳಸಿದವು. ಅದರಲ್ಲಿ ನೀವು ಬಟನನ್ನು ಪ್ರತಿ ಸಲ ಹೊಸದಾಗಿ ಒತ್ತಿದಾಗ ಕೋಡಿನ ಒಳಗಿನ ಒಂದು ಬಿಟ್ ಬದಲಾಗುತ್ತದೆ, ಒಮ್ಮೆ 0, ಮುಂದಿನ ಸಲ 1. ಬಟನನ್ನು ಒತ್ತಿ ಹಿಡಿದಿದ್ದಾರೋ, ಬಿಟ್ಟು ಮತ್ತೆ ಒತ್ತಿದರೋ ಅಂತ ಟಿವಿ ಇದರಿಂದಲೇ ತಿಳಿದುಕೊಳ್ಳುತ್ತದೆ. ಕಲಿಯುವ ರಿಮೋಟಿಗೆ, ಅಂದರೆ ಬೇರೆ ರಿಮೋಟಿನ ಸಂಕೇತವನ್ನು ನಕಲು ಮಾಡಿಟ್ಟುಕೊಳ್ಳುವ ರಿಮೋಟಿಗೆ, ಈ ಒಳಗುಟ್ಟು ಗೊತ್ತಿಲ್ಲ. ಕಲಿತ ದಿನ ಆ ಬಿಟ್ ಹೇಗಿತ್ತೋ ಹಾಗೇ ಪ್ರತಿ ಸಲ ಕಳಿಸುತ್ತದೆ. ಎರಡನೇ ಸಲ ಒತ್ತಿದಾಗ ಟಿವಿ, ಓ ಇವರು ಇನ್ನೂ ಬೆರಳು ತೆಗೆದಿಲ್ಲ ಅಂದುಕೊಂಡು ಸುಮ್ನೆ ಕೂರುತ್ತದೆ. ನಡುವೆ ವಾಲ್ಯೂಮ್ ಒತ್ತಿದರೆ ಬೇರೆ ಆಜ್ಞೆ ಬಂದಂತಾಗಿ ಪವರ್ ಮತ್ತೆ ಹೊಸದಾಗುತ್ತದೆ. ನಂಬರ್ ಬಟನ್ ಕಲಿಸಿದ್ದರೆ 11ನೇ ಚಾನೆಲ್ಲಿಗೂ ಇದೇ ಗತಿ, ಎರಡನೇ 1 ಬೀಳುವುದೇ ಇಲ್ಲ.

ಪರಿಹಾರ ಎರಡು. ಕೋಡ್ ನಂಬರ್ ಹಾಕುವ ಯೂನಿವರ್ಸಲ್ ರಿಮೋಟ್ ತಗೊಳ್ಳಿ, ಅದು ಈ ಪದ್ಧತಿಯನ್ನು ತಾನೇ ತಿಳಿದಿರುತ್ತದೆ, ಬಿಟ್ ಬದಲಿಸಿ ಕಳಿಸುತ್ತದೆ. ಇಲ್ಲವೆಂದರೆ ಈಗ ಮಾಡುತ್ತಿರುವ ಹಾಗೆ ವಾಲ್ಯೂಮ್ ಒತ್ತಿ ಪವರ್ ಒತ್ತಿ. ನಾನಾದರೆ ಎರಡನೆಯದನ್ನೇ ಮಾಡುತ್ತಿದ್ದೆ, ಹಳೇ ಟಿವಿಗೆ ಮತ್ತೆ ದುಡ್ಡು ಯಾಕೆ.

ಕಲಿಸುವುದೇ ಆಗುತ್ತಿಲ್ಲ ಅಂತ ಬರೆದವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಎರಡೂ ರಿಮೋಟನ್ನು ಮೇಜಿನ ಮೇಲೆ ಮೂತಿಗೆ ಮೂತಿ ಎದುರಾಗಿ ಇಡಿ. ನಡುವೆ ಎರಡು ಬೆರಳಿನಷ್ಟು ಜಾಗ ಇರಲಿ. ಕೈಯಲ್ಲಿ ಹಿಡಿದು ಮಾಡಬೇಡಿ, ಅಲುಗಾಡುತ್ತದೆ. ಒಂದು ದಪ್ಪ, ಒಂದು ತೆಳುವಾಗಿದ್ದರೆ ತೆಳುವಾದದ್ದರ ಕೆಳಗೆ ಒಂದು ನೋಟ್‌ಬುಕ್ ಇಟ್ಟು ಎರಡರ ಬಲ್ಬ್ ಒಂದೇ ಎತ್ತರಕ್ಕೆ ಬರುವಂತೆ ಮಾಡಿ. ಸೆಟ್ ಒತ್ತಿ ಹಿಡಿದು ಲೈಟ್ ನಿಂತ ಮೇಲೆ, ಕಲಿಯಬೇಕಾದ ಬಟನ್ ಒತ್ತಿ, ಲೈಟ್ ಮಿನುಗಲು ಶುರುವಾಗುತ್ತದೆ. ಆಗ ಟಿವಿ ರಿಮೋಟಿನ ಬಟನನ್ನು ಒಮ್ಮೆ ಚಿಕ್ಕದಾಗಿ ಒತ್ತಿ ಬಿಡಿ. ಒತ್ತಿ ಹಿಡಿಯಬಾರದು. ಎನ್‌ಇಸಿ ಅನ್ನುವ ಇನ್ನೊಂದು ಪದ್ಧತಿಯ ರಿಮೋಟುಗಳು ಮೊದಲು ಒಮ್ಮೆ ಪೂರ್ತಿ ಕೋಡ್ ಕಳಿಸಿ, ಆಮೇಲೆ ಬಟನ್ ಹಿಡಿದಷ್ಟು ಹೊತ್ತು ಅದರ ಬದಲು "ಅದೇ, ಅದೇ" ಅನ್ನುವ ಸಣ್ಣ ಸಂಕೇತ ಮಾತ್ರ ಕಳಿಸುತ್ತಿರುತ್ತವೆ, ಕಲಿಯುವ ರಿಮೋಟ್ ಅದನ್ನು ಹಿಡಿದುಕೊಂಡರೆ ಕೆಲಸ ಕೆಟ್ಟಂತೆ. ಎಲ್ಲ ಬಟನ್ ಆದ ಮೇಲೆ ಮತ್ತೆ ಸೆಟ್ ಒತ್ತಿ ಸೇವ್ ಮಾಡುವುದನ್ನು ಮರೆಯಬೇಡಿ. ಕಲಿಸುವ ಹೊತ್ತಿಗೆ ಹಳೇ ರಿಮೋಟಿನ ಸೆಲ್ ಗಟ್ಟಿಯಾಗಿರಬೇಕು, ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಆರಿಸಿ.

ಹಳೇ ರಿಮೋಟಿನ ಮುಚ್ಚಳ ಮುರಿದಿದೆ, ಅರ್ಧ ಬಟನ್ ಸತ್ತಿವೆ ಅಂತ ಗುಜರಿಗೆ ಹಾಕುವವರಿಗೆ ಒಂದು ಮಾತು. ಎಸೆಯಬೇಡಿ. ಹೊಸದಕ್ಕೆ ಪಾಠ ಹೇಳಲು ಅದೇ ಬೇಕು. ಉಳಿದ ಅರ್ಧ ಬಟನ್‌ಗಳಾದರೂ ಕಲಿಸಲು ಬರುತ್ತವಲ್ಲ.

ಪ್ರಶ್ನೆ: ಸೆಲ್ ಬದಲಿಸಿದ ಮೇಲೆ ಯೂನಿವರ್ಸಲ್ ರಿಮೋಟ್ ಎಲ್ಲವನ್ನೂ ಮರೆತುಬಿಟ್ಟಿದೆ. ಅದಲ್ಲದೆ ಮಳೆಗಾಲ ಬಂತೆಂದರೆ ಬಟನ್‌ಗಳನ್ನು ಬಲವಾಗಿ ಒತ್ತಬೇಕಾಗುತ್ತದೆ. ವಯಸ್ಸಾದ ಬೆರಳು, ನೋಯುತ್ತದೆ.
— ನಿವೃತ್ತ ಶಿಕ್ಷಕರು, ಮಾಳಮಡ್ಡಿ, ಧಾರವಾಡ

ಉತ್ತರ: ಸರ್, ಮರೆವಿನ ವಿಷಯ ಮೊದಲು. ಒಳ್ಳೆಯ ರಿಮೋಟುಗಳಲ್ಲಿ ಕೋಡ್ ಉಳಿಯುವ ಮೆಮೊರಿ ಸೆಲ್ ತೆಗೆದರೂ ಅಳಿಯುವುದಿಲ್ಲ. ಅಗ್ಗದವುಗಳಲ್ಲಿ ಸೆಲ್ ಇರುವವರೆಗೆ ಮಾತ್ರ ನೆನಪು, ತೆಗೆದು ಸ್ವಲ್ಪ ಹೊತ್ತಿನಲ್ಲಿ ಎಲ್ಲ ಹೋಗುತ್ತದೆ. ಹೊಸ ಸೆಲ್ಲನ್ನು ಪಕ್ಕದಲ್ಲಿ ತೆಗೆದಿಟ್ಟುಕೊಂಡು ಬೇಗ ಬದಲಿಸಿ, ಸೆಲ್ ಹೊರಗಿರುವಾಗ ಯಾವ ಬಟನನ್ನೂ ಒತ್ತಬೇಡಿ, ಒತ್ತಿದರೆ ಉಳಿದ ಚೂರು ಕರೆಂಟೂ ಖಾಲಿಯಾಗುತ್ತದೆ. ರೀಚಾರ್ಜ್ ಸೆಲ್ ಹಾಕಿದ್ದರೆ ಅದು 1.2 ವೋಲ್ಟ್, ಮಾಮೂಲು ಸೆಲ್ 1.5 ವೋಲ್ಟ್. ಕೆಲವು ರಿಮೋಟಿಗೆ ಈ ವ್ಯತ್ಯಾಸವೇ ಸಾಕು, ದೂರ ಕಡಿಮೆಯಾಗುತ್ತದೆ. ಹೊಸದೊಂದು ಹಳೇದೊಂದು ಜೋಡಿ ಹಾಕುವುದಂತೂ ಬೇಡವೇ ಬೇಡ, ಸೋರಿ ಸ್ಪ್ರಿಂಗ್ ತಿನ್ನುತ್ತದೆ.

ಬಟನ್ ಬಗ್ಗೆ ಹೇಳುವುದಾದರೆ, ಧಾರವಾಡದ ಜಿಟಿಜಿಟಿ ಮಳೆಯ ಥಂಡಿಯೂ ಒಂದು ಕಾರಣ, ಆದರೆ ಬಹುಪಾಲು ಅದು ನಮ್ಮ ಬೆರಳಿನ ಎಣ್ಣೆ ಮತ್ತು ಧೂಳು. ರಿಮೋಟ್ ಬಿಚ್ಚಿದರೆ ಒಳಗೆ ರಬ್ಬರಿನ ಹಾಳೆ ಇರುತ್ತದೆ, ಪ್ರತಿ ಬಟನಿನ ಕೆಳಗೆ ಕಪ್ಪು ಕಾರ್ಬನ್ ಚುಕ್ಕೆ. ಆ ಚುಕ್ಕೆ ಬೋರ್ಡಿಗೆ ತಾಗಿದಾಗಲೇ ಬಟನ್ ಒತ್ತಿದ ಲೆಕ್ಕ. ವರ್ಷಗಟ್ಟಲೆ ಬಳಸಿದ ರಿಮೋಟಿನಲ್ಲಿ ರಬ್ಬರಿನ ಮೇಲೆ ಅಂಟಂಟಾದ ಪದರ ಕೂತಿರುತ್ತದೆ, ವಾಲ್ಯೂಮ್ ಬಟನ್ ಕೆಳಗೆ ಎಲ್ಲಕ್ಕಿಂತ ಜಾಸ್ತಿ. ರಬ್ಬರ್ ಹಾಳೆಯನ್ನು ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಬೋರ್ಡಿಗೆ ನೀರು ತಾಗಿಸಬೇಡಿ. ಔಷಧ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲ್ ಅನ್ನು ಹತ್ತಿಗೆ ಹಾಕಿ ಮೆತ್ತಗೆ ಒರೆಸಿ. ಕಪ್ಪು ಚುಕ್ಕೆಯನ್ನು ತಿಕ್ಕಬೇಡಿ, ಕಾರ್ಬನ್ ಎದ್ದು ಹೋದರೆ ಆ ಬಟನ್ ಮುಗಿಯಿತು. ಹಾಗೆ ಸವೆದದ್ದಕ್ಕೆ ರಿಪೇರಿಯವರು ಅಲ್ಯೂಮಿನಿಯಂ ಫಾಯಿಲಿನ ಚೂರು ಅಂಟಿಸಿ ಕೊಡುತ್ತಾರೆ, ಕೆಲ ಕಾಲ ಓಡುತ್ತದೆ.

ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ, ಅದು ಆಲ್ಕಲೈನ್ ಸೆಲ್ ಆಗಿದ್ದಲ್ಲಿ ಹತ್ತಿಗೆ ಎರಡು ಹನಿ ಲಿಂಬೆರಸ ಹಾಕಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಬರಿಗೈಯಲ್ಲಿ ಮುಟ್ಟಬೇಡಿ.

ಪ್ರಶ್ನೆ: ಅಂಗಡಿಯ ಎಸಿ ರಿಮೋಟ್ ಒಡೆಯುವ ಹಂತದಲ್ಲಿದೆ. ಅದರ ಬಟನ್‌ಗಳನ್ನು ಕಲಿಯುವ ರಿಮೋಟಿಗೆ ಕಲಿಸಿದರೆ ನಡೆಯುತ್ತದೆಯೇ?
— ಬಟ್ಟೆ ವ್ಯಾಪಾರಿ, ರಾಣೆಬೆನ್ನೂರು

ಉತ್ತರ: ಬೇಡ, ಕೈ ಸುಟ್ಟುಕೊಳ್ಳುತ್ತೀರಿ. ಎಸಿ ರಿಮೋಟ್ ಕೆಲಸ ಮಾಡುವ ರೀತಿಯೇ ಬೇರೆ. ಖಾನಾವಳಿಯಲ್ಲಿ "ಇನ್ನೊಂದು ರೊಟ್ಟಿ" ಅಂದ ಹಾಗೆ ಟಿವಿ ರಿಮೋಟ್ ಬೇಕಾದ್ದನ್ನು ಮಾತ್ರ ಹೇಳುತ್ತದೆ, ಎಸಿ ರಿಮೋಟ್ ಮಾತ್ರ ಪ್ರತಿ ಸಲ ರೊಟ್ಟಿ, ಪಲ್ಯ, ಅನ್ನ, ಸಾರು ಅಂತ ಪೂರ್ತಿ ಊಟ ಮೊದಲಿಂದ ಹೇಳುತ್ತದೆ. ನೀವು ಪ್ಲಸ್ ಬಟನ್ ಒತ್ತಿದರೆ ಹೋಗುವ ಆಜ್ಞೆ "ಒಂದು ಡಿಗ್ರಿ ಏರಿಸು" ಅಂತಲ್ಲ, "ಆನ್ ಇರು, ಕೂಲ್ ಮೋಡ್, 25 ಡಿಗ್ರಿ, ಫ್ಯಾನ್ ಜೋರು, ಸ್ವಿಂಗ್ ಆಫ್" ಅಂತ. ಅದಕ್ಕೇ ಎಸಿ ರಿಮೋಟಿಗೆ ಪರದೆ ಇರುವುದು, ಸದ್ಯದ ಲೆಕ್ಕವೆಲ್ಲ ರಿಮೋಟಿನ ಹತ್ತಿರವೇ ಇರುತ್ತದೆ. ಪ್ಲಸ್ ಬಟನ್ ಕಲಿಸಿದರೆ ಎಷ್ಟು ಸಲ ಒತ್ತಿದರೂ 25ಕ್ಕೇ ನಿಲ್ಲುತ್ತದೆ. ಸಾಲದ್ದಕ್ಕೆ ಕೋಡ್ ಉದ್ದ, ಎಷ್ಟೋ ಕಲಿಯುವ ರಿಮೋಟಿಗೆ ಅಷ್ಟು ಹಿಡಿಸುವುದೇ ಇಲ್ಲ.

ಎಸಿಗೆಂದೇ ಬರುವ, ಪರದೆ ಇರುವ ಯೂನಿವರ್ಸಲ್ ರಿಮೋಟ್ ತಗೊಳ್ಳಿ. ಬಹಳಷ್ಟರಲ್ಲಿ ಸೆಟ್ ಒತ್ತಿ ಹಿಡಿದರೆ ಪರದೆಯಲ್ಲಿ ನಂಬರ್ ಒಂದೊಂದೇ ಏರುತ್ತಾ ಹೋಗುತ್ತದೆ, ಎಸಿ ಬೀಪ್ ಅಂದ ಕೂಡಲೇ ನಿಲ್ಲಿಸಬೇಕು. ಬೀಪ್ ಬಂದರೆ ಸಾಲದು. ಡಿಗ್ರಿ, ಮೋಡ್, ಸ್ವಿಂಗ್ ಮೂರನ್ನೂ ನೋಡಿ. ಹಳೇ ರಿಮೋಟ್ ಜೀವಂತ ಇರುವಾಗಲೇ ಇದನ್ನು ಮುಗಿಸಿ. ಹೊಸದರಲ್ಲಿ ಏನೋ ಎಡವಟ್ಟಾಗಿ ಎಸಿ ಹೀಟ್ ಮೋಡಿಗೋ ಟೈಮರಿಗೋ ಹೋದರೆ ಮೊದಲಿನ ಸ್ಥಿತಿಗೆ ತರಲು ಅದು ಬೇಕಾಗುತ್ತದೆ. ಅಷ್ಟಕ್ಕೂ ಎರಡೂ ಕೈಕೊಟ್ಟರೆ ಎಸಿಯ ಒಳ ಯೂನಿಟ್ಟಿನ ಮುಚ್ಚಳದ ಹಿಂದೆ ಸಣ್ಣ ಎಮರ್ಜೆನ್ಸಿ ಬಟನ್ ಸಾಮಾನ್ಯವಾಗಿ ಇರುತ್ತದೆ, ಗಿರಾಕಿಗಳ ಮುಂದೆ ಬೆವರುವುದು ತಪ್ಪುತ್ತದೆ.

ಪ್ರಶ್ನೆ: ಟಿವಿಗೆ ಚುಚ್ಚುವ ಸ್ಟಿಕ್ ಇದೆಯಲ್ಲ, ಅದರ ರಿಮೋಟ್ ಕಳೆದಿದೆ. ಯೂನಿವರ್ಸಲ್ ರಿಮೋಟಿಗೆ ಅದರ ಕೋಡ್ ಸಿಗುತ್ತದೆಯೇ?
— ಹಾವೇರಿ

ಉತ್ತರ: ಸಿಗುವುದಿಲ್ಲ. ಆ ಸ್ಟಿಕ್ಕುಗಳು ಸಾಮಾನ್ಯವಾಗಿ ಬ್ಲೂಟೂತ್‌ನಲ್ಲಿ ಮಾತಾಡುತ್ತವೆ, ಟಿವಿಯ ಹಿಂದೆ ಅಡಗಿ ಕೂತರೂ ಕೆಲಸ ಮಾಡುವುದು ಅದಕ್ಕೇ. ಇನ್‌ಫ್ರಾರೆಡ್ ರಿಮೋಟಿಗೆ ಅದರ ಸಂಬಂಧವೇ ಇಲ್ಲ. ಸ್ಟಿಕ್ ಮತ್ತು ಫೋನ್ ಒಂದೇ ವೈಫೈಯಲ್ಲಿದ್ದರೆ ಅದೇ ಕಂಪನಿಯ ಆ್ಯಪ್ ಹಾಕಿ ಫೋನಿನಿಂದಲೇ ನಡೆಸಬಹುದು. ಫ್ಯಾನ್ ರಿಮೋಟ್ ಕೇಳಿದವರಿಗೂ ಇದೇ: ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನುಗಳಲ್ಲಿ ಕೆಲವು ಇನ್‌ಫ್ರಾರೆಡ್, ಕೆಲವು ರೇಡಿಯೋ. ಕ್ಯಾಮೆರಾ ಪರೀಕ್ಷೆ ಮಾಡಿ. ಚುಕ್ಕೆ ಕಂಡರೆ ಕಲಿಸಿ ನೋಡಬಹುದು.

ಪ್ರಶ್ನೆ: ಸಂಜೆ ಐದರಿಂದ ಆರರವರೆಗೆ ನಮ್ಮ ರಿಮೋಟ್ ಕೆಲಸ ಮಾಡುವುದಿಲ್ಲ. ಟಿವಿ ಹತ್ತಿರ ಹೋಗಿ ಒತ್ತಬೇಕು. ರಾತ್ರಿ ತಾನೇ ಸರಿಹೋಗುತ್ತದೆ. ಅಂಗಡಿಯವರು ನಗುತ್ತಾರೆ.
— ಬ್ಯಾಡಗಿ

ಉತ್ತರ: ನಗುವವರು ನಗಲಿ. ನಿಮ್ಮ ಬಾಗಿಲು ಪಡುವಣಕ್ಕಿದೆ, ಟಿವಿ ಬಾಗಿಲಿನ ಎದುರಿಗಿದೆ, ಹೌದೋ ಅಲ್ವೋ? ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿದೆ. ರಿಮೋಟ್ ತನ್ನ ಬೆಳಕನ್ನು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗಿಸುವುದೇ ಬಿಸಿಲು, ಬಲ್ಬುಗಳಿಂದ ಬೇರೆಯಾಗಿ ಕಾಣಲಿ ಅಂತ. ಆದರೂ ಇಳಿಬಿಸಿಲು ನೇರ ಟಿವಿಯ ಕಣ್ಣಿಗೇ ಬಿದ್ದರೆ ಅದಕ್ಕೆ ಕಣ್ಣು ಕೋರೈಸುತ್ತದೆ. ಹಳೇ ಕಾಲದಲ್ಲಿ ಇದಕ್ಕಿಂತ ಮಜಾ ಇತ್ತು. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿ ಟಾರ್ಚಿನ ಹಾಗೆ ಬೆಳಕು ಬಿಡುವ ರಿಮೋಟ್ ತಂದಿತು, ಟಿವಿ ಪರದೆಯ ನಾಲ್ಕು ಮೂಲೆಯಲ್ಲಿ ನಾಲ್ಕು ಬೆಳಕಿನ ಕಣ್ಣು. ಬಿಸಿಲು ಬಿದ್ದರೆ ಟಿವಿ ತನ್ನಷ್ಟಕ್ಕೇ ಚಾನೆಲ್ ಬದಲಿಸುತ್ತಿತ್ತು. ಮರುವರ್ಷವೇ ಅವರು ಅದನ್ನು ಬಿಟ್ಟು ಶಬ್ದದಿಂದ ನಡೆಯುವ ರಿಮೋಟಿಗೆ ಹೋದರು.

ನೀವು ಒಂದು ಪರದೆ ಬಟ್ಟೆ ಹಾಕಿ, ಅಥವಾ ಟಿವಿಯನ್ನು ಸ್ವಲ್ಪ ತಿರುಗಿಸಿ. ಮೊದಲು ಟಿವಿಯ ಕೆಳ ಅಂಚಿನಲ್ಲಿರುವ ಕಪ್ಪು ಕಿಟಕಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಮೆಣಸಿನಕಾಯಿ ಸೀಜನ್ನಿನಲ್ಲಿ ನಿಮ್ಮೂರಿನ ಧೂಳು ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಒರೆಸಿದ ಕೈ ಕಣ್ಣಿಗೆ ಮಾತ್ರ ಹಚ್ಚಬೇಡಿ.

ಪ್ರಶ್ನೆ: ನಮ್ಮ ಲಾಡ್ಜಿನ ಹಾಲಿನಲ್ಲಿ ಒಂದೇ ಮಾಡೆಲ್ಲಿನ ಎರಡು ಟಿವಿ ಇವೆ. ಒಂದನ್ನು ಆಫ್ ಮಾಡಿದರೆ ಎರಡೂ ಆಫ್.
— ಗದಗ

ಉತ್ತರ: ಎರಡಕ್ಕೂ ಒಂದೇ ಕೋಡ್, ಹಾಗಾಗಿಯೇ ಆಗಬೇಕು. ರಿಮೋಟಿನ ಮೂತಿಗೆ ಕಪ್ಪು ಇನ್ಸುಲೇಶನ್ ಟೇಪಿನಿಂದ ಬೆರಳುದ್ದದ ಕೊಳವೆ ಮಾಡಿ ಸುತ್ತಿ, ಬೆಳಕು ಹರಡುವುದು ಕಡಿಮೆಯಾಗುತ್ತದೆ. ಗೋಡೆ ಬಿಳಿಯಾಗಿದ್ದರೆ ತಾಗಿ ವಾಪಸ್ ಬರುತ್ತದೆ, ಆಗ ಟಿವಿಯ ಕಣ್ಣಿನ ಮೇಲೂ ಸ್ವಲ್ಪ ಟೇಪ್ ಅಂಟಿಸಿ ಹತ್ತಿರದಿಂದ ಮಾತ್ರ ಕೇಳುವಂತೆ ಮಾಡಿ.

ಪ್ರಶ್ನೆ: ನನ್ನ ರಿಮೋಟಿನಲ್ಲಿ ಮ್ಯಾಕ್ರೋ ಇದೆ. ಒಂದು ಬಟನಿಗೆ ಟಿವಿ ಆನ್, ಬಾಕ್ಸ್ ಆನ್, ಸೌಂಡ್‌ಬಾರ್ ಆನ್, ಎಚ್‌ಡಿಎಂಐ 2 ಅಂತ ಕೂಡಿಸಿದ್ದೇನೆ. ಕೆಲವು ದಿನ ಸರಿ, ಕೆಲವು ದಿನ ಟಿವಿ ಆನ್ ಆದರೆ ಬಾಕ್ಸ್ ಆಫ್ ಆಗುತ್ತದೆ.
— ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಮ್ಯಾಕ್ರೋ ಹೊಸ ಹುಚ್ಚಲ್ಲ. ಆ್ಯಪಲ್ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ 1987ರಲ್ಲೇ ಬೇರೆ ರಿಮೋಟುಗಳಿಂದ ಕಲಿಯುವ, ಪ್ರೋಗ್ರಾಂ ಮಾಡಬಹುದಾದ ರಿಮೋಟನ್ನು ಮಾರುಕಟ್ಟೆಗೆ ತಂದಿದ್ದರು. ನಿಮ್ಮ ತಕರಾರು ಆಗಿನಿಂದಲೂ ಇದೆ. ಪವರ್ ಬಟನ್ ಅಂದರೆ ಆನ್ ಅಲ್ಲ, ಇದ್ದದ್ದನ್ನು ಉಲ್ಟಾ ಮಾಡು ಅಂತ. ಕರೆಂಟ್ ಹೋಗಿ ಬಂದಾಗ ಕೆಲವು ಬಾಕ್ಸ್ ತಾನೇ ಆನ್ ಆಗಿ ಕೂರುತ್ತದೆ, ಟಿವಿ ಸ್ಟ್ಯಾಂಡ್‌ಬೈನಲ್ಲಿ ಇರುತ್ತದೆ. ಆಗ ನಿಮ್ಮ ಮ್ಯಾಕ್ರೋ ಒಂದನ್ನು ಎಬ್ಬಿಸಿ ಇನ್ನೊಂದನ್ನು ಮಲಗಿಸುತ್ತದೆ. ರಿಮೋಟಿಗೆ ಇದು ಕಾಣುವುದಿಲ್ಲ, ಅದು ಹೇಳುವುದಷ್ಟೇ, ಕೇಳುವುದಿಲ್ಲ. ಯಾವುದು ಆನ್ ಇದೆ ಅಂತ ತಾನೇ ಲೆಕ್ಕ ಇಡುತ್ತಿದ್ದ ಹಾರ್ಮನಿ ರಿಮೋಟುಗಳನ್ನು ಲಾಜಿಟೆಕ್ 2021ರಲ್ಲಿ ನಿಲ್ಲಿಸಿತು.

ಕೆಲವು ಟಿವಿಗಳಿಗೆ ಆನ್‌ಗೆ ಒಂದು, ಆಫ್‌ಗೆ ಒಂದು ಅಂತ ಬೇರೆ ಬೇರೆ ಕೋಡ್ ಇರುತ್ತವೆ, ಮಾಮೂಲು ರಿಮೋಟಿನಲ್ಲಿ ಅದಕ್ಕೆ ಬಟನ್ ಇರುವುದಿಲ್ಲ ಅಷ್ಟೇ. ನಿಮ್ಮ ರಿಮೋಟಿನ ಪಟ್ಟಿಯಲ್ಲಿ ಇದ್ದರೆ ಅದನ್ನೇ ಹಾಕಿ. ಸಿಗದಿದ್ದರೆ ಬಾಕ್ಸನ್ನು ಮ್ಯಾಕ್ರೋದಿಂದ ತೆಗೆದುಹಾಕಿ, ಅದಕ್ಕೆ ಬೇರೆ ಬಟನ್ ಇರಲಿ. ಟಿವಿ ಆನ್ ಆದ ಮೇಲೆ ಎಚ್‌ಡಿಎಂಐ ಆಜ್ಞೆಗೆ ಮುಂಚೆ ಒಂದಷ್ಟು ಸೆಕೆಂಡ್ ಬಿಡುವು ಕೊಡಿ, ಸ್ಮಾರ್ಟ್ ಟಿವಿ ಏಳುವ ಮೊದಲೇ ಕೂಗಿದರೆ ಅದಕ್ಕೆ ಕೇಳಿಸದು.

ಇದೆಲ್ಲಕ್ಕಿಂತ ಸುಲಭದ್ದು ನಿಮ್ಮ ಟಿವಿಯ ಸೆಟ್ಟಿಂಗ್‌ನಲ್ಲೇ ಇರಬಹುದು. ಎಚ್‌ಡಿಎಂಐ ಸಿಇಸಿ ಅಂತ ಹುಡುಕಿ. ಸ್ಯಾಮ್‌ಸಂಗ್‌ನಲ್ಲಿ ಅದಕ್ಕೆ ಎನಿನೆಟ್ ಪ್ಲಸ್ ಅನ್ನುತ್ತಾರೆ, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರೇವಿಯಾ ಸಿಂಕ್. ಇದನ್ನು ಆನ್ ಮಾಡಿದರೆ ಟಿವಿ, ಸೌಂಡ್‌ಬಾರ್ ಕೇಬಲ್ಲಿನ ಮೂಲಕವೇ ಒಂದನ್ನೊಂದು ಎಬ್ಬಿಸುತ್ತವೆ. ಸೌಂಡ್‌ಬಾರನ್ನು ಟಿವಿಯ ಎಆರ್‌ಸಿ ಅಂತ ಬರೆದ ಪೋರ್ಟಿಗೆ ಚುಚ್ಚಿ, ವಾಲ್ಯೂಮ್ ಟಿವಿ ರಿಮೋಟಿನಿಂದಲೇ ನಡೆಯುತ್ತದೆ. ಸಿಇಸಿ ಆನ್ ಮಾಡಿದ ಮೇಲೆ ಮ್ಯಾಕ್ರೋದಲ್ಲಿ ಸೌಂಡ್‌ಬಾರಿನ ಪವರ್ ಇಟ್ಟುಕೊಳ್ಳಬೇಡಿ, ಅದು ಆನ್ ಮಾಡಿದ್ದನ್ನು ಇದು ಆಫ್ ಮಾಡುತ್ತದೆ.